ಅಜ್ಜಿ ಪಟಕ್ಕೊಂದು ಮೊಳೆ

ಕಳೆದ ತಿಂಗಳು ಶಿರಾದ ನಮ್ಮ ಹಳೇ ಮನೆ ಬಿಚ್ಚಿಸಿದ್ವಿ. ಮಣ್ಣಿನ ಮಾಳಿಗೆ ಮನೆ. ಎರಡು ಮಳೆಗಾಲದಿಂದ ಸೋರ್ತಾ ಇತ್ತು, ಹಿತ್ತಿಲ ಕಡೆ ಗೋಡೆ ಹೊಟ್ಟೆ ಬಿಟ್ಟಿತ್ತು. ತೊಲೆ, ಜಂತೆ ಕೊಂಡವರು ಲಾರಿ ತಂದು ನಿಲ್ಲಿಸೋ ಹೊತ್ತಿಗೆ ನಾನು ಸ್ಟೂಲು ಹತ್ತಿ ಪಡಸಾಲೆಯ ಪಟಗಳನ್ನ ಒಂದೊಂದಾಗಿ ಇಳಿಸ್ತಿದ್ದೆ. ಒಟ್ಟು ಹದಿನೇಳು. ಅಮ್ಮನ ಹಳೇ ಸೀರೆಗಳಲ್ಲಿ ಸುತ್ತಿ ಬೆಂಗಳೂರಿಗೆ ತಂದೆ. ಈಗ ಅವೆಲ್ಲ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಒಂದೇ ಗೋಡೆ ಮೇಲೆ ಕೂರಬೇಕು. ಇದಕ್ಕೆ 'ಗ್ಯಾಲರಿ ವಾಲ್' ಅಂತಾರಂತೆ, ನನ್ನ ಹೆಂಡತಿ ಹೇಳಿದ್ದು. ನಮ್ಮೂರಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ಗೋಡೆ ಅಂದ್ರೆ ಗೋಡೆ ಅಷ್ಟೆ :)

ಪಟ ಇಳಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಯಾವುದೂ ಗೋಡೆಗೆ ಅಂಟಿಕೊಂಡು ನಿಂತಿರಲಿಲ್ಲ. ಕೆಳಗೆ ಎರಡು ಮೊಳೆ, ಅದರ ಮೇಲೆ ಪಟದ ಬುಡ, ಮೇಲ್ಗಡೆಯಿಂದ ಒಂದು ದಾರ. ದಾರ ಉದ್ದ ಬಿಟ್ಟಿರೋದ್ರಿಂದ ಪಟ ಮುಂದಕ್ಕೆ ಬಾಗಿ, ಕೆಳಗೆ ಕೂತೋರನ್ನ ನೋಡ್ತಿರುತ್ತೆ. ನಿಮ್ಮೂರ ಮನೆಗಳಲ್ಲೂ ಹೀಗೇ ಇರುತ್ತಲ್ವಾ? ಕಾರಣ ಸುಲಭ. ಜಂತೆಗೆ ಹತ್ತಿರ, ಕೈಗೆಟುಕದ ಎತ್ತರದಲ್ಲಿ ಪಟ ಹಾಕ್ತಿದ್ರು, ಜನ ಕೂರ್ತಿದ್ದದ್ದು ನೆಲದ ಮೇಲೆ, ಚಾಪೆ ಮೇಲೆ. ನೆಟ್ಟಗೆ ಹಾಕಿದ್ರೆ ಗಾಜಿನಲ್ಲಿ ಬಾಗಿಲ ಬೆಳಕು ಹೊಳೆದು ದೇವರೇ ಕಾಣಲ್ಲ. ಜೊತೆಗೆ ಮಣ್ಣಿನ ಗೋಡೆಯ ತೇವ ಪಟಕ್ಕೆ ತಾಗಲ್ಲ. ಆ ಸಂದಿಯಲ್ಲಿ ಗುಬ್ಬಚ್ಚಿ ಸಂಸಾರ ಮಾಡ್ತಿದ್ದವು. ಲಕ್ಷ್ಮಿ ಪಟ ಇಳಿಸಿದಾಗ ಒಂದು ಹಿಡಿ ಒಣ ಹುಲ್ಲು ನನ್ನ ತಲೆ ಮೇಲೇ ಬಿತ್ತು.

ಪ್ಯಾರಿಸ್ಸಿನಲ್ಲೂ ಇದೇ ಕಥೆ. ಲೂವ್ರ್ ಅರಮನೆಯ ಸಲೋನ್ ಕಾರೇ ಅನ್ನೋ ದೊಡ್ಡ ಕೋಣೆಯಲ್ಲಿ 1725ರಿಂದ ಚಿತ್ರ ಪ್ರದರ್ಶನ ನಡೀತಿತ್ತು. ನೆಲದ ಹತ್ತಿರದಿಂದ ಸೂರಿನವರೆಗೆ ಚಿತ್ರಕ್ಕೆ ಚಿತ್ರ ತಾಗಿಸಿ ತುಂಬ್ತಿದ್ರು, ಮೇಲಿನ ಸಾಲಿನವನ್ನ ಮುಂದಕ್ಕೆ ಬಾಗಿಸ್ತಿದ್ರು. ಈಗಿನ ಗ್ಯಾಲರಿ ವಾಲ್ ಅದರ ಮೊಮ್ಮಗು.

ನಮ್ಮ ಪಡಸಾಲೆಯಲ್ಲಿ ಪಟಗಳಿಗೆ ಒಂದು ಕ್ರಮ ಇತ್ತು. ನಡುವೆ ದೇವರು. ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಆಮೇಲೆ ಗಾಂಧಿ, ಆಮೇಲೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (2019ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಪಟಕ್ಕೆ ಅಮ್ಮ ಹೊಸ ಹಾರ ಹಾಕಿದ್ಲು). ಕೊನೆಗೆ ನಮ್ಮೋರು: ತಾತ, ಅಪ್ಪ ಅಮ್ಮನ ಮದುವೆ, ದೊಡ್ಡಪ್ಪ. ದೇವರು, ದೊರೆ, ಮನೆಯೋರು. ಇದು ಫ್ರೇಮು, ಗಾಜು ಬಂದ ಮೇಲೆ ಹುಟ್ಟಿದ ಕ್ರಮ ಅಂದ್ಕೊಂಡಿದ್ದೆ. ತುಮಕೂರಿನಿಂದ ಶಿರಾಕ್ಕೆ ಬರೋ ಹೆದ್ದಾರಿ ಪಕ್ಕ ಸೀಬಿ ಇದೆ, ನರಸಿಂಹಸ್ವಾಮಿ ದೇವಸ್ಥಾನ. ಟಿಪ್ಪು ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನವರ ಮಕ್ಕಳು ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಕಟ್ಟಿಸಿದ್ದು, ಸುಮಾರು ಇನ್ನೂರು ವರ್ಷದ ಹಿಂದೆ. ಅದರ ಮಂಟಪದ ಸೂರಿನ ತುಂಬ ಬಣ್ಣದ ಚಿತ್ರಗಳು. ದೇವರ ಕಥೆ ಇದೆ, ಅರಸರ ದರ್ಬಾರಿದೆ, ಕಟ್ಟಿಸಿದ ಮನೆತನದೋರೂ ಇದ್ದಾರೆ. ನಮ್ಮ ಪಡಸಾಲೆಯದೇ ಕ್ರಮ! ಎಷ್ಟೋ ಸಲ ಬಸ್ಸಲ್ಲಿ ಅದರ ಮುಂದೆ ಹಾದು ಹೋಗಿದ್ದೀನಿ, ಇಳಿದು ನೋಡಿದ್ದು ಮಾತ್ರ ನಲವತ್ತು ದಾಟಿದ ಮೇಲೆ.

ಶಿರಾ ಪೇಟೆಯಲ್ಲಿ ಇಂಥದ್ದು ಉಳೀಲಿಲ್ಲ. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಬಾದ ರಾಜಧಾನಿ ಇದು. ನವಾಬ ದಿಲಾವರ್ ಖಾನ್ ಕಟ್ಟಿಸಿದ ಅರಮನೆ ಎಷ್ಟು ಚೆಂದ ಇತ್ತಂದ್ರೆ, ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಹೈದರ್, ಟಿಪ್ಪು ಅದನ್ನೇ ಮಾದರಿ ಮಾಡ್ಕೊಂಡ್ರು ಅಂತ ಹಳೇ ಗೆಜೆಟಿಯರಿನಲ್ಲಿದೆ. ಟಿಪ್ಪು ತನ್ನ ಗಂಜಾಂ ತುಂಬಿಸೋಕೆ ಇಲ್ಲಿಂದ 12,000 ಕುಟುಂಬಗಳನ್ನ ಬಲವಂತವಾಗಿ ಕರ್ಕೊಂಡು ಹೋದ ಅಂತಲೂ ಅದರಲ್ಲೇ ಇದೆ. ಮಲ್ಲಿಕ್ ರಿಹಾನನ ಗೋರಿ, ಜುಮ್ಮಾ ಮಸೀದಿ, ಕೋಟೆ ಉಳಿದಿವೆ. ಅರಮನೆ ಹೋಯ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ನೋಡೋಕೆ ಟಿಕೆಟ್ ತಗೊಂಡು ನಿಂತಾಗೆಲ್ಲ ನಮ್ಮೂರಿನ ಬಗ್ಗೆ ಹೊಟ್ಟೆ ಉರಿಯುತ್ತೆ.

ಗೋಡೆ ಮೇಲೆ ಬರೆಸೋಕೆ ದುಡ್ಡಿರೋರಿಗೆ ಮಾತ್ರ ಸಾಧ್ಯ ಇತ್ತು. ಬಡವರ ಗೋಡೆಗೆ ಚಿತ್ರ ಬಂದದ್ದು ಅಚ್ಚಿನಿಂದ. ರಾಜಾ ರವಿವರ್ಮ 1894ರಲ್ಲಿ ಬೊಂಬಾಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ್ರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಜರ್ಮನಿಯ ಕುಶಲಿಗಳು. ಆಮೇಲೆ ಪ್ರೆಸ್ಸು ಲೋಣಾವಳ ಹತ್ತಿರದ ಮಳವಲಿಗೆ ಹೋಯ್ತು (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ). ಸಾಲ ಹೆಚ್ಚಾಗಿ ಕೊನೆಗೆ ಅದನ್ನ ಶ್ಲೈಷರ್ ಅನ್ನೋ ಜರ್ಮನ್ನಿಗೆ ಮಾರಿದ್ರು. 1972ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯ್ತು. ದೇವಸ್ಥಾನದೊಳಗೆ ಬಿಡದ ಜಾತಿಗಳ ಮನೆಗೂ ಲಕ್ಷ್ಮಿ, ಸರಸ್ವತಿ ಬಂದು ನೆಲೆಸಿದ್ದು ಈ ಕಾಗದಗಳಿಂದಲೇ. ಎಣ್ಣೆ ಬಣ್ಣದ ರವಿವರ್ಮನಿಗಿಂತ ಈ ಅಚ್ಚಿನ ರವಿವರ್ಮ ನನಗೆ ದೊಡ್ಡವನು. ಆಮೇಲೆ ಶಿವಕಾಶಿ ಕ್ಯಾಲೆಂಡರುಗಳು ಬಂದವು, ನಮ್ಮ ಗುಲ್ಬರ್ಗದ ಎಸ್.ಎಂ. ಪಂಡಿತರ ಚಿತ್ರಗಳೂ ಕ್ಯಾಲೆಂಡರಾದವು. ವರ್ಷ ಮುಗಿದ ಮೇಲೆ ತಾರೀಕಿನ ಭಾಗ ಕತ್ತರಿಸಿ ಕಟ್ಟು ಹಾಕಿಸಿದ್ರೆ ಪಟ ರೆಡಿ.

ನಮ್ಮನೇಲೂ ಹಾಗೆ ಕಟ್ಟು ಹಾಕಿಸಿದ ಒಂದು ಪಟ ಇತ್ತು. ಕೈಯಲ್ಲಿ ದೀಪ ಹಿಡಿದ ಹೆಂಗಸು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲ ಚಿತ್ರ ಇದೆ. ಎಲ್ಲರೂ ಅದನ್ನ ರವಿವರ್ಮನದು ಅಂತಾರೆ, ಅಪ್ಪನೂ ಹಾಗೇ ಹೇಳ್ತಿದ್ರು. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತಿದ್ದು ಅವರ ಮಗಳು ಗೀತಾ. ನೂರೆರಡು ವರ್ಷ ಬದುಕಿ 2018ರಲ್ಲಿ ತೀರಿಕೊಂಡ್ರು.

ಆ ಗೀತಾ ನಮ್ಮ ಗೋಡೆ ಮೇಲೆ ಇದ್ರು, ನಮ್ಮಜ್ಜಿ ಇರಲಿಲ್ಲ. ತಾತನದು ಇತ್ತು. ಕೋಟು ಹಾಕಿ, ಪೇಟ ಸುತ್ತಿ, ಸ್ಟುಡಿಯೋ ಕುರ್ಚಿ ಮೇಲೆ ಕೂತದ್ದು. ಅಜ್ಜಿಯನ್ನ ಯಾರೂ ಸ್ಟುಡಿಯೋಗೆ ಕರ್ಕೊಂಡು ಹೋಗಲಿಲ್ಲ. ಅಪ್ಪನ ಮದುವೆ ದಿನ ಫೋಟೋ ತೆಗೆಯುವಾಗ ಎಲ್ಲಿದ್ದೆ ಅಂತ ಕೇಳಿದ್ರೆ "ಅಡಿಗೆ ಮನೇಲಿದ್ದೆ ಕಣಪ್ಪ, ಇನ್ನೆಲ್ಲಿರ್ಲಿ" ಅಂತಿದ್ಲು.

1993ರಲ್ಲಿ, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, ಮತದಾರರಿಗೆ ಫೋಟೋ ಇರೋ ಗುರುತಿನ ಚೀಟಿ ಕೊಡೋ ಆದೇಶ ಬಂತು. ಅಜ್ಜಿ ಕ್ಯಾಮೆರಾ ಮುಂದೆ ಕೂತದ್ದು ಅದಕ್ಕೇ, ಜೀವನದಲ್ಲಿ ಒಂದೇ ಸಲ, ಸ್ಕೂಲಿನ ಬೆಂಚಿನ ಮೇಲೆ. ಆಗ ಅವಳಿಗೆ ಎಪ್ಪತ್ತರ ಹತ್ತಿರ. ಅವಳು ಹೋದ ಮೇಲೆ ಅಪ್ಪ ಆ ಚೀಟಿ ಹಿಡ್ಕೊಂಡು ಸ್ಟುಡಿಯೋಗೆ ಹೋದ್ರು, ನಾನೂ ಜೊತೆಗಿದ್ದೆ. ಹೆಬ್ಬೆರಳ ಉಗುರಿನಷ್ಟು ಮುಖ. ಸ್ಟುಡಿಯೋ ಹುಡುಗ, "ಸರ್, ಕತ್ತಿಗೆ ಸರ ಹಾಕ್ಲಾ, ರೇಷ್ಮೆ ಸೀರೆ ಮಾಡ್ಲಾ?" ಅಂದ. ಅಪ್ಪ ಬೇಡ ಅಂದ್ರು. ದೊಡ್ಡದು ಮಾಡಿದ ಮೇಲೆ ಕಣ್ಣು ಎರಡೂ ಮಸುಕಾಗಿ, ಯಾರೋ ಗದರಿಸಿದಾಗ ನೋಡ್ತಾರಲ್ಲ, ಹಾಗೆ ಬಂತು. ಅದನ್ನೇ ತಾತನ ಪಕ್ಕ ಹಾಕಿದ್ವಿ. ಹಳ್ಳಿಗಳ ಎಷ್ಟು ಮನೆ ಗೋಡೆ ಮೇಲೆ ಇಂಥ ಚೀಟಿ ಮುಖದ ಅಜ್ಜಿಯರಿದ್ದಾರೋ, ಮುಂದಿನ ಸಲ ಹೋದಾಗ ನೋಡಿ.

ಸರಿ, ಈಗ ಫ್ಲ್ಯಾಟಿನ ಗೋಡೆ. ಮೊದಲು ಎಲ್ಲವನ್ನೂ ನೆಲದ ಮೇಲೆ ಜೋಡಿಸಿದೆ. ಪೇಪರನ್ನ ಒಂದೊಂದು ಪಟದ ಅಳತೆಗೆ ಕತ್ತರಿಸಿ ಗೋಡೆಗೆ ಟೇಪು ಹಾಕಿ ಅಂಟಿಸಿದೆ. ತೂತು ಕೊರೆಯೋಕೆ ಮುಂಚೆ ಹೀಗೆ ಮಾಡಿದ್ರೆ ಕಾಂಕ್ರೀಟು ಹಾಳಾಗಲ್ಲ. ದೊಡ್ಡದು ನಡುವೆ, ಸಣ್ಣವು ಸುತ್ತ. ನೋಡೋಕೆ ಚೆನ್ನಾಗೇ ಇತ್ತು. ಅಮ್ಮ ಬಂದು ನೋಡಿ, "ಹೋದೋರ್ನ ಇರೋರ ಮಧ್ಯ ಹಾಕ್ತಾರೇನೋ? ದೇವರ ಪಕ್ಕ ನಿಮ್ಮ ದೊಡ್ಡಪ್ಪ ಬೇರೆ!" ಅಂದ್ಲು. ಹೋದೋರಿಗೆ ದಕ್ಷಿಣದ ಗೋಡೆ ಅಂತ ಅವಳ ಲೆಕ್ಕ. ನಮ್ಮ ಹಾಲಿನ ದಕ್ಷಿಣಕ್ಕೆ ಬರೀ ಕಿಟಕಿ. ಎರಡು ದಿನ ಇದೇ ಜಗಳ. ಕೊನೆಗೆ ದೇವರು ದೇವರ ಮನೆಗೆ ಹೋದರು. ಮಹಾರಾಜರು, ಗಾಂಧಿ, ಸ್ವಾಮಿಗಳು ಮೇಲಿನ ಸಾಲಿಗೆ. ದೀಪದ ಗೀತಾ ಬಾಗಿಲ ಹತ್ತಿರ. ಹೋದೋರು ಒಂದು ಕಡೆ, ಇರೋರು ಒಂದು ಕಡೆ, ನಡುವೆ ಒಂದು ಗೇಣು ಜಾಗ. ತಾತ ಹೋದೋರ ಸಾಲಿನ ತುದಿಗೆ ಸರಿದ್ರು, ನಡುವಿನ ಜಾಗ ಅಜ್ಜಿಗೆ. ಇದಕ್ಕೆ ಮಾತ್ರ ಅಮ್ಮ ಏನೂ ಅನ್ನಲಿಲ್ಲ.

ಡ್ರಿಲ್ ತಂದವನು ಎಲ್ಲವನ್ನೂ ಮಟ್ಟ ನೋಡಿ ನೆಟ್ಟಗೆ ಹಾಕಿಕೊಟ್ಟು ಹೋದ. ಅಮ್ಮ ಸೋಫಾ ಬಿಟ್ಟು ಈಗಲೂ ನೆಲದ ಮೇಲೇ ಕೂರೋದು. ಸಂಜೆ ಅಲ್ಲಿಂದಲೇ ನೋಡಿ, "ಅತ್ತೆ ಮುಖದ ಮೇಲೆ ಟ್ಯೂಬ್‌ಲೈಟೇ ಕಾಣ್ತಾ ಐತಲ್ಲೋ" ಅಂದ್ಲು. ಅಜ್ಜಿ ಪಟ ಇಳಿಸಿ, ದಾರ ಉದ್ದ ಬಿಟ್ಟು, ಬುಡಕ್ಕೆ ಎರಡು ಮೊಳೆ ಹೊಡೆದು ಮತ್ತೆ ಹಾಕಿದೆ. ಆ ಗೋಡೆಯಲ್ಲಿ ಈಗ ಮುಂದಕ್ಕೆ ಬಾಗಿರೋದು ಅದೊಂದೇ.