ಕರೆಂಟು ಹೋದ ಮೇಲೆ ನಡೆಯುವುದೇನು? ಶಿವಮೊಗ್ಗ, ಭದ್ರಾವತಿಯ ವಿದ್ಯುತ್ ವ್ಯತ್ಯಯ

ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಇಂತಹ ಸ್ಥಾವರವನ್ನು ಹೊಂದಿರುವ ಜಿಲ್ಲೆಯಲ್ಲಿಯೇ ಮುಂಗಾರಿನ ಮೊದಲ ಗಾಳಿಗೆ ದೀಪಗಳು ಆರುತ್ತವೆ. ಜೋಗ ಪಕ್ಕದಲ್ಲಿದ್ದೂ ಕತ್ತಲೆಯೇಕೆ ಎಂಬುದು ಶಿವಮೊಗ್ಗ ಮತ್ತು ಭದ್ರಾವತಿಯ ನಾಗರಿಕರ ಹಳೆಯ ದೂರು. ದೂರು ಸಹಜವಾದುದೇ; ಆದರೆ ಅದರ ಹಿಂದಿರುವ ತರ್ಕ ಸರಿಯಾದುದಲ್ಲ. ಶರಾವತಿಯ ವಿದ್ಯುತ್ತು ನೇರವಾಗಿ ಊರಿನ ಬೀದಿಗೆ ಇಳಿಯುವುದಿಲ್ಲ. ಅದು ರಾಜ್ಯದ ಜಾಲವನ್ನು ಸೇರುತ್ತದೆ, ಅಲ್ಲಿಂದ ಎಲ್ಲರಂತೆ ಶಿವಮೊಗ್ಗವೂ ತನ್ನ ಪಾಲನ್ನು ಪಡೆಯುತ್ತದೆ.

ಕತ್ತಲೆಯಲ್ಲಿಯೂ ಎರಡು ಬಗೆಯಿದೆ. ಒಂದು, ವಿದ್ಯುತ್ತೇ ಸಾಲದೆ ಬರುವ ಕತ್ತಲೆ. 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲಿ ಬೆಂಕಿ ಕಾಣಿಸಿಕೊಂಡು ಉತ್ಪಾದನೆ ನಿಂತಾಗ ರಾಜ್ಯವೆಲ್ಲ ಅನುಭವಿಸಿದ್ದು ಇದನ್ನು. ಇನ್ನೊಂದು, ವಿದ್ಯುತ್ತು ಧಾರಾಳವಾಗಿದ್ದರೂ ತಂತಿ, ಕಂಬ, ಪರಿವರ್ತಕಗಳ ದೋಷದಿಂದ ಮನೆ ಮುಟ್ಟದಿರುವುದು. ಮಲೆನಾಡಿನ ಅಂಚಿನಲ್ಲಿರುವ ಈ ಅವಳಿ ಪಟ್ಟಣಗಳನ್ನು ಮಳೆಗಾಲದಲ್ಲಿ ಕಾಡುವುದು ಎರಡನೆಯದು.

ಇದನ್ನು ನಿಭಾಯಿಸುವ ಹೊಣೆ ಮೆಸ್ಕಾಂನದು. ವಿದ್ಯುತ್ ಕ್ಷೇತ್ರದ ಸುಧಾರಣೆಯ ಅಂಗವಾಗಿ 2002ರಲ್ಲಿ ವಿತರಣೆಯನ್ನು ಕೆಪಿಟಿಸಿಎಲ್‌ನಿಂದ ಬೇರ್ಪಡಿಸಿದಾಗ ಹುಟ್ಟಿದ ಕಂಪೆನಿಗಳಲ್ಲಿ ಇದೂ ಒಂದು. 2005ರಲ್ಲಿ ಮೈಸೂರು ಭಾಗ ಪ್ರತ್ಯೇಕಗೊಂಡ ಬಳಿಕ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿ ಉಳಿದವು. ಅಧಿಕ ವೋಲ್ಟೇಜಿನ ಮಾರ್ಗಗಳು ಮತ್ತು ಎಂಆರ್‌ಎಸ್‌ನಂತಹ ದೊಡ್ಡ ಸ್ವೀಕರಣಾ ಕೇಂದ್ರಗಳು ಕೆಪಿಟಿಸಿಎಲ್‌ನ ಕೈಯಲ್ಲಿವೆ. ಅಲ್ಲಿಂದ ಹೊರಡುವ 11 ಕೆ.ವಿ. ಫೀಡರ್‌ಗಳು, ಬೀದಿ ಬದಿಯ ಟಿ.ಸಿ.ಗಳು ಮತ್ತು ಮನೆಯ ಮೀಟರಿನವರೆಗಿನ ತಂತಿ ಮೆಸ್ಕಾಂನವು. ಬಹುಪಾಲು ಅಡಚಣೆಗಳು ಹುಟ್ಟುವುದು ಈ ಕೊನೆಯ ಹಂತದಲ್ಲಿಯೇ.

ಗಾಳಿಗೆ ತೂಗಿದ ಕೊಂಬೆ 11 ಕೆ.ವಿ. ತಂತಿಗೆ ತಾಗಿತೆನ್ನೋಣ. ಉಪಕೇಂದ್ರದ ಬ್ರೇಕರ್ ಕ್ಷಣಾರ್ಧದಲ್ಲಿ ಟ್ರಿಪ್ ಆಗುತ್ತದೆ. ಇಡೀ ಫೀಡರ್ ಆರುತ್ತದೆ. ಕೆಲವು ನಿಮಿಷಗಳ ನಂತರ ಸಿಬ್ಬಂದಿ ಒಮ್ಮೆ ಚಾರ್ಜ್ ಮಾಡಿ ನೋಡುತ್ತಾರೆ. ಕೊಂಬೆ ಸರಿದಿದ್ದರೆ ಮಾರ್ಗ ನಿಲ್ಲುತ್ತದೆ. ದೀಪ ಬಂದು ಮರುಕ್ಷಣವೇ ಹೋಯಿತೆಂದರೆ ದೋಷ ಅಲ್ಲಿಯೇ ಉಳಿದಿದೆ ಎಂದರ್ಥ. ಆಗ ಹುಡುಕಾಟ ಆರಂಭ. ಒಡೆದ ಪಿಂಗಾಣಿ ಇನ್ಸುಲೇಟರ್ ಒಂದನ್ನು ಮಳೆಯಲ್ಲಿ, ಟಾರ್ಚಿನ ಬೆಳಕಿನಲ್ಲಿ, ಕಂಬದಿಂದ ಕಂಬಕ್ಕೆ ನಡೆದು ಪತ್ತೆ ಮಾಡುವುದು ಸುಲಭವಲ್ಲ. ದುರಸ್ತಿಗೆ ಅರ್ಧ ಗಂಟೆ ಸಾಕಾದರೂ ಹುಡುಕುವುದಕ್ಕೆ ಮೂರು ಗಂಟೆ ಹಿಡಿಯಬಹುದು.

ಆದ್ದರಿಂದ ಅನುಭವಿ ಸಿಬ್ಬಂದಿ ಮಾರ್ಗವನ್ನು ತುಂಡು ಮಾಡಿ ಪರೀಕ್ಷಿಸುತ್ತಾರೆ. ನಡುವಿನ ಸ್ವಿಚ್ ತೆರೆದು ಮೊದಲರ್ಧಕ್ಕೆ ವಿದ್ಯುತ್ ಹರಿಸಿದಾಗ ಬ್ರೇಕರ್ ನಿಂತರೆ ದೋಷ ಆಚೆಯ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಭಾಗಿಸಬಹುದು. ದೋಷವಿರುವ ತುಂಡಿನ ಆಚೆಗಿರುವವರಿಗೆ ನೆರೆಯ ಫೀಡರಿನಿಂದ ಪೂರೈಸಲೂ ಬರುತ್ತದೆ. ಆದರೆ ಎರಡನ್ನೂ ಬೆಸೆಯುವ ಸ್ವಿಚ್ ಇರಬೇಕು, ನೆರೆಯ ಫೀಡರಿಗೆ ಹೆಚ್ಚುವರಿ ಹೊರೆ ತಾಳುವ ಶಕ್ತಿಯೂ ಇರಬೇಕು.

ಇದರ ಲಾಭ ಸರಳ ಲೆಕ್ಕದಲ್ಲಿ ತಿಳಿಯುತ್ತದೆ. ಉದಾಹರಣೆಗೆ, 3,000 ಗ್ರಾಹಕರಿರುವ ಫೀಡರ್ ಎರಡು ಗಂಟೆ ಆರಿದರೆ ನಷ್ಟ 6,000 ಗ್ರಾಹಕ-ಗಂಟೆ. ಅರ್ಧ ಗಂಟೆಯಲ್ಲಿ 2,000 ಮಂದಿಗೆ ಕರೆಂಟು ಮರಳಿಸಿ ಉಳಿದವರನ್ನಷ್ಟೇ ಎರಡು ಗಂಟೆ ಕಾಯಿಸಿದರೆ ನಷ್ಟ 3,000ಕ್ಕೆ ಇಳಿಯುತ್ತದೆ. ದೋಷ ಒಂದೇ, ದುರಸ್ತಿಯ ವೇಳೆಯೂ ಒಂದೇ, ತೊಂದರೆ ಅರ್ಧ. ಕತ್ತಲೆ ಎಷ್ಟು ಸಲ ಬಂತು ಎಂಬುದಷ್ಟನ್ನೇ ಅಲ್ಲ, ಎಷ್ಟು ಜನರನ್ನು ಎಷ್ಟು ಹೊತ್ತು ಆವರಿಸಿತು ಎಂಬುದನ್ನೂ ವಿಶ್ವದ ವಿದ್ಯುತ್ ಕಂಪೆನಿಗಳು ಅಳೆಯುವುದು ಇದಕ್ಕಾಗಿ. ಆದರೆ ಸರಾಸರಿಯ ಮರೆಯಲ್ಲಿ ಊರ ಹೊರಗಿನ ಬಡಾವಣೆಗಳ ಸಂಕಟ ಅಡಗುವುದೂ ಉಂಟು. ಫೀಡರಿನ ಕೊನೆಯಲ್ಲಿರುವವರ ಪಾಲಿಗೆ ಯಾವ ಕಂಬದ ದೋಷವೂ ತಮ್ಮದೇ ದೋಷ.

ಕೈಗಾರಿಕೆಗಳ ಮಾತು ಬೇರೆ. ಎರಡು ಪಟ್ಟಣಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವನ್ನೂ ಸೇರಿಸಿ ಇಲ್ಲಿ ಫೌಂಡ್ರಿಗಳಿವೆ. ವಿದ್ಯುತ್ ಕುಲುಮೆಯಲ್ಲಿ ಕರಗಿದ ಲೋಹ ಇರುವಾಗ ಪೂರೈಕೆ ನಿಂತರೆ ಲೋಹ ಅಲ್ಲಿಯೇ ಹೆಪ್ಪುಗಟ್ಟುವ ಅಪಾಯ. ಮನೆಯಲ್ಲಿ ಧಾರಾವಾಹಿ ತಪ್ಪುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ತಡೆಯುವ ಕೆಲಸ ಮಳೆಗೆ ಮುನ್ನವೇ ನಡೆಯಬೇಕು. ಸಿಬ್ಬಂದಿಯ ಭಾಷೆಯಲ್ಲಿ ‘ಜಂಗಲ್ ಕಟಿಂಗ್’ ಎನಿಸುವ ಕೊಂಬೆ ಸವರುವಿಕೆ, ಜೋತುಬಿದ್ದ ತಂತಿ ಬಿಗಿಯುವುದು, ಟಿ.ಸಿ.ಯ ಎಣ್ಣೆ ಮತ್ತು ಭೂಸಂಪರ್ಕದ ತಪಾಸಣೆ ಇವೆಲ್ಲ ಅದರಲ್ಲಿ ಸೇರಿವೆ. ಪತ್ರಿಕೆಗಳಲ್ಲಿ ಬರುವ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆಗಳ ಹಿನ್ನೆಲೆ ಬಹುಮಟ್ಟಿಗೆ ಇದೇ. (ದಿನವಿಡೀ ಕರೆಂಟೇ ಇಲ್ಲದಿರುವುದಕ್ಕೆ ವ್ಯತ್ಯಯವೆಂಬ ಸೌಮ್ಯ ಪದವನ್ನು ಹುಡುಕಿದವರನ್ನು ಮೆಚ್ಚಬೇಕು.) ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಶಿವಮೊಗ್ಗದ ಕೆಲವೆಡೆ ತಂತಿಗಳು ನೆಲದಡಿಗೆ ಹೋದವು. ಭೂಗತ ಕೇಬಲ್ಲಿಗೆ ಮರದ ಭಯವಿಲ್ಲ, ಗುದ್ದಲಿಯ ಭಯವಿದೆ. ನೀರಿನ ಕೊಳವೆಗೆಂದು ರಸ್ತೆ ಅಗೆಯುವವರು ಕೇಬಲ್ಲಿಗೆ ಏಟು ಕೊಟ್ಟರೆ ದೋಷದ ಸ್ಥಳವನ್ನು ಉಪಕರಣದಿಂದಲೇ ಗುರುತಿಸಬೇಕು, ಕಣ್ಣಿಗೆ ಕಾಣಿಸದು.

ಬೇಗನೆ ಕರೆಂಟು ಕೊಡಿ ಎಂಬ ಒತ್ತಾಯಕ್ಕೂ ಒಂದು ಮಿತಿಯಿದೆ. ಕಂಬ ಹತ್ತುವ ಮುನ್ನ ಉಪಕೇಂದ್ರದಿಂದ ‘ಲೈನ್ ಕ್ಲಿಯರ್’ ಪಡೆಯಬೇಕು, ತಂತಿಗೆ ಭೂಸಂಪರ್ಕ ಕೊಡಬೇಕು. ಇದರಲ್ಲಿ ಐದು ನಿಮಿಷ ಉಳಿಸಲು ಹೋದರೆ ಜೀವವೇ ಹೋಗುತ್ತದೆ. ಸರಿಯಾದ ಚೇಂಜ್ಓವರ್ ಸ್ವಿಚ್ ಇಲ್ಲದೆ ಮನೆಯ ಅಥವಾ ಅಂಗಡಿಯ ಜನರೇಟರ್ ಚಾಲೂ ಮಾಡಿದರೆ ಆ ವಿದ್ಯುತ್ತು ಹಿಮ್ಮುಖವಾಗಿ ಟಿ.ಸಿ. ಸೇರಿ 11,000 ವೋಲ್ಟಿಗೆ ಏರಬಲ್ಲದು. ಸತ್ತ ತಂತಿಯೆಂದು ನಂಬಿ ಮುಟ್ಟುವವನು ಲೈನ್‌ಮನ್. ತುಂಡಾಗಿ ಬಿದ್ದ ತಂತಿಯೂ ನಿರ್ಜೀವವೆಂದು ಭಾವಿಸಬಾರದು. ಒಣನೆಲದ ಮೇಲೆ ಬಿದ್ದಾಗ ಬ್ರೇಕರ್ ಟ್ರಿಪ್ ಆಗದೆಯೂ ಇರಬಹುದು.

ಕಾಯುವಿಕೆಗೆ ಕಾನೂನಿನ ಗಡುವೂ ಇದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೇ ಪ್ರಕರಣದನ್ವಯ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2004ರಲ್ಲಿ ಕಾರ್ಯನಿರ್ವಹಣಾ ಮಾನದಂಡಗಳನ್ನು ಗೊತ್ತುಪಡಿಸಿತು. ಅದರಂತೆ ಫ್ಯೂಸ್ ಹೋದ ದೂರನ್ನು ಪಟ್ಟಣಗಳಲ್ಲಿ 6 ಗಂಟೆಯೊಳಗೆ, ಗ್ರಾಮಗಳಲ್ಲಿ 24 ಗಂಟೆಯೊಳಗೆ ಸರಿಪಡಿಸಬೇಕು. ಕೆಟ್ಟ ಟಿ.ಸಿ.ಯ ಬದಲಾವಣೆಗೆ ಪಟ್ಟಣಗಳಲ್ಲಿ 24, ಗ್ರಾಮಗಳಲ್ಲಿ 72 ಗಂಟೆ. ಗಡುವು ಮೀರಿದರೆ ಗ್ರಾಹಕರು ಪರಿಹಾರಕ್ಕೆ ಅರ್ಹರು. ಆದರೆ ದೂರು ದಾಖಲಾಗಿರದಿದ್ದರೆ ಗಡುವು ಯಾವಾಗ ಆರಂಭವಾಯಿತೆಂದು ಸಾಬೀತು ಮಾಡುವುದು ಕಷ್ಟ. ಹೀಗಾಗಿ ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ ಸುಮ್ಮನಾಗುವ ಬದಲು 1912ಕ್ಕೆ ಕರೆ ಮಾಡುವುದು ಒಳಿತು. ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ, ತೊಂದರೆ ತಮ್ಮ ಮನೆಗಷ್ಟೇ ಸೀಮಿತವೋ ಇಡೀ ಬೀದಿಗೋ ಎಂಬ ವಿವರ, ಸಮೀಪದ ಟಿ.ಸಿ.ಯ ಗುರುತು ಹೇಳಿದರೆ ಹುಡುಕಾಟ ತಗ್ಗುತ್ತದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿ ತೃಪ್ತಿಯಾಗದಿದ್ದರೆ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್‌ಗೂ ಅದನ್ನು ಒಯ್ಯಬಹುದು.