ಒಂದು ಯೂರೋ ಮನೆಯ ಹಳೇ ಲೆಕ್ಕ

ಇಟಲಿಯಲ್ಲಿ ಒಂದು ಯೂರೋಗೆ ಮನೆ ಸಿಗತ್ತಂತೆ! ವರ್ಷಕ್ಕೊಮ್ಮೆಯಾದರೂ ಈ ಸುದ್ದಿ ನಮ್ಮ ಆಫೀಸಿನ ವಾಟ್ಸ್ಯಾಪ್ ಗುಂಪಿಗೆ ಬಂದೇ ಬರತ್ತೆ. ಕಲ್ಲಿನ ಗೋಡೆ, ಕೆಂಪು ಹೆಂಚು, ಕಿಟಕಿಯಾಚೆ ಗುಡ್ಡ. ಬೆಂಗಳೂರಲ್ಲಿ ಟೂ ಬಿಎಚ್‌ಕೆಗೆ ಇಪ್ಪತ್ತು ವರ್ಷ ಕಂತು ಕಟ್ಟೋ ನಮ್ಮಂಥವರಿಗೆ ಹೊಟ್ಟೆ ಉರಿಯದೆ ಇನ್ನೇನಾಗತ್ತೆ? ಆದರೆ ಒಂದು ಮನೆ ಒಂದು ಕಾಫಿಗಿಂತ ಅಗ್ಗ ಆಗೋದು ಹೇಗೆ ಅಂತ ಯಾರೂ ಕೇಳಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಚರಿತ್ರೆಯಲ್ಲಿ.

ಇಂಥ ಸುದ್ದಿಗಳಲ್ಲಿ ತುಂಬ ಓಡಿದ್ದು ಸಂಬೂಕಾ ದಿ ಸಿಸಿಲಿಯಾ ಎಂಬ ಊರಿನದು. ಸಿಸಿಲಿ ದ್ವೀಪದ ನೈಋತ್ಯ ಭಾಗದ ಗುಡ್ಡದ ಮೇಲಿದೆ. ಕ್ರಿ.ಶ. 827ರಲ್ಲಿ ಸಿಸಿಲಿಗೆ ದಂಡೆತ್ತಿ ಬಂದ ಅರಬರು ಕಟ್ಟಿದ ಊರು ಇದು. ಅವರು ಇಟ್ಟ 'ಜಬೂತ್' ಎಂಬ ಹೆಸರು 1923ರ ತನಕ ಊರಿನ ಹೆಸರಿನ ಜೊತೆಗೇ ಇತ್ತು. ಅರಬರ ಕಾಲದ ಕೇರಿಯನ್ನು ಜನ ಈಗಲೂ 'ಏಳು ಓಣಿ' ಅಂತಲೇ ಕರೀತಾರೆ.

ಮನೆಗಳು ಅಲ್ಲಿ ಯಾಕಷ್ಟು ಒತ್ತೊತ್ತಾಗಿವೆ? ಒಳನಾಡು ಸಿಸಿಲಿಯ ರೈತ ಹೊಲದಲ್ಲಿ ಮನೆ ಕಟ್ಟಿಕೊಂಡವನಲ್ಲ. ಹೊಲ ಅವನದಾಗಿರಲೇ ಇಲ್ಲ. ಸಾವಿರಾರು ಎಕರೆ ಗೋಧಿ ಭೂಮಿ ಒಬ್ಬೊಬ್ಬ ಜಮೀನ್ದಾರನ ಕೈಯಲ್ಲಿತ್ತು. ಜಮೀನ್ದಾರ ಪಟ್ಟಣದಲ್ಲಿ ಕೂತಿದ್ದರೆ ಹಳ್ಳಿಯಲ್ಲಿ ವಸೂಲಿ ಮಾಡೋದು 'ಗಬೆಲೊತ್ತೊ' ಎಂಬ ಗುತ್ತಿಗೆದಾರ. ಕೂಲಿಯವರು ಗುಡ್ಡದ ಊರಿನಿಂದ ಬೆಳಗಿನ ಜಾವವೇ ಹೇಸರಗತ್ತೆ ಹೊಡೆದುಕೊಂಡು ಗಂಟೆಗಟ್ಟಲೆ ನಡೆದು ಹೊಲ ಸೇರೋರು. ರಾತ್ರಿ ಕೆಳಗಿನ ಕೋಣೆಯಲ್ಲಿ ಪ್ರಾಣಿ, ಮೇಲಿನ ಕೋಣೆಯಲ್ಲಿ ಇಡೀ ಸಂಸಾರ. ಇವತ್ತು ಜಾಹೀರಾತಿನಲ್ಲಿ 'ಕಮಾನಿನ ನೆಲಮಾಳಿಗೆ' ಅಂತ ಬರೆದಿರೋದು ಎಷ್ಟೋ ಕಡೆ ಈ ಕೊಟ್ಟಿಗೆಯೇ.

1861ರಲ್ಲಿ ಇಟಲಿ ಒಂದು ದೇಶವಾಯಿತು. ಆದರೆ ಈ ಕೂಲಿಗಳಿಗೆ ಭೂಮಿ ಬರಲಿಲ್ಲ, ತೆರಿಗೆ ಬಂತು, ಕಡ್ಡಾಯ ಸೈನ್ಯಸೇವೆ ಬಂತು. ಜನ ಹಡಗು ಹತ್ತಿದರು. 1880ರಿಂದ 1924ರ ನಡುವೆ ಅಮೆರಿಕಕ್ಕೆ ಹೋದ ಇಟಾಲಿಯನ್ನರು 40 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ದಕ್ಷಿಣದವರು ಮತ್ತು ಸಿಸಿಲಿಯವರು. ಎರಡನೇ ಮಹಾಯುದ್ಧದ ಮೇಲೆ ಮತ್ತೊಂದು ಅಲೆ: ಬೆಲ್ಜಿಯಂನ ಕಲ್ಲಿದ್ದಲು ಗಣಿ, ಜರ್ಮನಿಯ ಕಾರ್ಖಾನೆ, ಉತ್ತರದ ಟ್ಯೂರಿನ್.

ಕೊನೇ ಏಟು ಬಿದ್ದದ್ದು 1968ರ ಜನವರಿ 14-15ರ ರಾತ್ರಿ. ಬೆಲಿಚೆ ಕಣಿವೆಯಲ್ಲಿ ಭೂಮಿ ನಡುಗಿ ಜಿಬೆಲ್ಲಿನಾ, ಪೊಜ್ಜೊರೆಯಾಲೆ, ಸಲಪರೂತಾ, ಮೊಂತೆವಾಗೊ ಎಂಬ ನಾಲ್ಕು ಊರು ನೆಲಸಮವಾದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಮನೆಗಿಂತ ಮುಂಚೆ ಕೊಟ್ಟದ್ದು ಪಾಸ್‌ಪೋರ್ಟ್ ಮತ್ತು ವಾಪಸ್ ಬರೋ ಅಗತ್ಯವಿಲ್ಲದ ರೈಲು ಟಿಕೆಟ್. ಉಳಿದವರು ವರ್ಷಗಟ್ಟಲೆ ಶೆಡ್‌ಗಳಲ್ಲಿ ಬದುಕಿದರು. 'ಸಿಸಿಲಿಯ ಗಾಂಧಿ' ಎನಿಸಿಕೊಂಡಿದ್ದ ದನಿಲೊ ದೊಲ್ಚಿ 1970ರ ಮಾರ್ಚ್‌ನಲ್ಲಿ ಪರ್ತಿನಿಕೊ ಊರಿನಿಂದ ಅನುಮತಿಯಿಲ್ಲದ ರೇಡಿಯೋ ಶುರುಮಾಡಿ, ಬೆಲಿಚೆಯ ಜನ ಸಾಯ್ತಿದ್ದಾರೆ ಅಂತ ಲೋಕಕ್ಕೆ ಕೂಗಿ ಹೇಳಿದರು. ಅದು ನಡೆದದ್ದು 27 ಗಂಟೆ. ಆಮೇಲೆ ಪೊಲೀಸರು ಬಂದು ನಿಲ್ಲಿಸಿದರು.

ಸಂಬೂಕಾ ಆ ಭೂಕಂಪದಲ್ಲಿ ಪೂರ್ತಿ ಬೀಳಲಿಲ್ಲ. ಆದರೆ ಬಿಟ್ಟುಹೋದ ಎಷ್ಟೋ ಮನೆಗಳು ಪುರಸಭೆಯ ಪಾಲಾದವು. 2008ರಲ್ಲಿ ಅದೇ ಕಣಿವೆಯ ಸಲೆಮಿ ಊರಿನ ಮೇಯರ್, ಕಲಾ ವಿಮರ್ಶಕ ವಿತ್ತೋರಿಯೊ ಸ್ಗಾರ್ಬಿ, ಪಾಳು ಮನೆಗಳನ್ನು ಒಂದು ಯೂರೋಗೆ ಕೊಡುವ ಮಾತೆತ್ತಿದರು. 2019ರಲ್ಲಿ ಸಂಬೂಕಾ 16 ಮನೆಗಳನ್ನು ಒಂದು ಯೂರೋದಿಂದ ಹರಾಜಿಗಿಟ್ಟಿತು. ಹರಾಜು ಅಂದಮೇಲೆ ಬೆಲೆ ಏರಲೇಬೇಕಲ್ಲ, ಒಂದು ಯೂರೋ ಸಾವಿರಗಳಿಗೆ ಹೋಯಿತು. ಜೊತೆಗೆ ಶರತ್ತು: 5,000 ಯೂರೋ ಠೇವಣಿ ಇಡಬೇಕು, ಮೂರು ವರ್ಷದೊಳಗೆ ಮನೆ ಸರಿಮಾಡಬೇಕು. ಮಾಡದಿದ್ದರೆ ಠೇವಣಿ ವಾಪಸ್ ಇಲ್ಲ.

ಹಾಗಂತ ಇದೆಲ್ಲ ಬರೀ ಮೋಸ ಅಂತ ನಾನು ಹೇಳ್ತಿಲ್ಲ. ದಪ್ಪ ಕಲ್ಲಿನ ಗೋಡೆ ಸಿಸಿಲಿಯ ಬೇಸಿಗೆಯಲ್ಲೂ ಮನೆಯನ್ನು ತಂಪಾಗಿಡತ್ತೆ. ಕಾರು ನುಗ್ಗದ ಓಣಿ, ನಡೆದೇ ಹೋಗಬಹುದಾದ ಅಂಗಡಿ, ಸಂಜೆ ಬೀದಿಗೆ ಬಂದು ಕೂರೋ ಜನ. ದುಡ್ಡಿದ್ದರೂ ನಮ್ಮ ಯಾವ ಗೇಟೆಡ್ ಕಮ್ಯುನಿಟಿಯಲ್ಲೂ ಸಿಗದ ವಸ್ತುಗಳಿವು. ಕೈಯಲ್ಲಿ ಕಟ್ಟಿದ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸೋದು ಒಳ್ಳೇ ಕೆಲಸವೂ ಹೌದು.

ಆದರೆ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಲೆಗಸಿ ಕೋಡ್. ಬರೆದವರು ಕೆಲಸ ಬಿಟ್ಟಾಗಿದೆ, ಡಾಕ್ಯುಮೆಂಟೇಶನ್ ಇಲ್ಲ, ಒಂದು ಸಾಲು ಮುಟ್ಟಿದರೆ ಹತ್ತು ಕಡೆ ಒಡೆಯತ್ತೆ. ನೀರು, ವಿದ್ಯುತ್, ಒಳಚರಂಡಿ ಎಲ್ಲ ಹೊಸದು ಬೇಕು. ಕಲ್ಲುಮಣ್ಣಿನ ಗೋಡೆ ಭೂಕಂಪಕ್ಕೆ ತಡೆಯೋ ಹಾಗೆ ಬಿಗಿಯಬೇಕು. ಪಾರಂಪರಿಕ ಅಂತ ಗುರುತಿಸಿದ ಕಟ್ಟಡವಾದರೆ ಕಿಟಕಿ ಬದಲಿಸೋಕೂ ಪರಂಪರೆ ಇಲಾಖೆಯ ಒಪ್ಪಿಗೆ ಬೇಕು. ಪುರಸಭೆ ಬಿಟ್ಟು ಖಾಸಗಿಯವರಿಂದ ಕೊಂಡರೆ ಇನ್ನೊಂದು ತಲೆನೋವು. ಇಟಲಿಯ ಕಾನೂನಿನಲ್ಲಿ ಮಕ್ಕಳ ಪಾಲನ್ನು ಉಯಿಲು ಬರೆದೂ ತಪ್ಪಿಸಲಾಗಲ್ಲ. ಮೂರು ತಲೆಮಾರು ಕಳೆದರೆ ಒಂದೇ ಕೋಣೆಗೆ ಹತ್ತಾರು ವಾರಸುದಾರರು: ಒಬ್ಬರು ನ್ಯೂಯಾರ್ಕ್, ಒಬ್ಬರು ಬ್ಯೂನಸ್ ಐರಿಸ್. ಊರಲ್ಲಿ ದಾಯಾದಿ ಪಾಲಿನ ಜಗಳ ನೋಡಿ ಬೆಳೆದ ನನಗಂತೂ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಭಾರತದಿಂದ ಕೊಳ್ಳೋರಿಗೆ: ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಮನೆ ಕೊಂಡ ಮಾತ್ರಕ್ಕೆ ಅಲ್ಲಿ ವಾಸಿಸುವ ಹಕ್ಕು ಬರಲ್ಲ. ಷೆಂಗೆನ್ ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು.

ಈ 90 ದಿನವೇ ನನಗೆ ಮುಖ್ಯ ಅನಿಸೋದು. ನಮ್ಮೂರಲ್ಲೂ ಬೀಗ ಹಾಕಿದ ಮನೆಗಳಿವೆ, ಜಾತ್ರೆಗೆ ಮಾತ್ರ ಬಾಗಿಲು ತೆಗೀತಾರೆ. ಅವುಗಳ ಗೋಡೆಗೆ ಹೊಸ ಬಣ್ಣ ಇದೆ. ಆದರೆ ಶಾಲೆಗೆ ಮಕ್ಕಳಿಲ್ಲ, ಡೈರಿಗೆ ಹಾಲು ಹಾಕೋರಿಲ್ಲ. ಸಂಬೂಕಾ ಪುರಸಭೆ ಹರಾಜಿನ ಶರತ್ತಿನಲ್ಲಿ ಗೋಡೆ, ಮಾಡು ಸರಿಮಾಡಿ ಅಂತ ಬರೆಯಬಹುದು. ಇಲ್ಲೇ ಇರಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಕಳಿಸಿ ಅಂತ ಬರೆಯೋಕೆ ಬರಲ್ಲ. ಮನೆಯ ನಿಜವಾದ ಬೆಲೆಯನ್ನು ಹಡಗು ಹತ್ತಿದವರು, ಶೆಡ್ಡಿನಲ್ಲಿ ಚಳಿ ಕಳೆದವರು ಆಗಲೇ ಕಟ್ಟಿಬಿಟ್ಟಿದ್ದಾರೆ. ಮಿಕ್ಕಿದ್ದಕ್ಕೆ ಒಂದು ಯೂರೋ.

ಹಾಗಾಗಿ ಗುಂಪಿಗೆ ಮತ್ತೆ ಆ ಸುದ್ದಿ ಬಂದಾಗ ರಿಪೇರಿಗೆ ಎಷ್ಟಾಗತ್ತೆ ಅಂತ ಖಂಡಿತ ಕೇಳಿ. ಅದರ ಜೊತೆಗೆ ಇನ್ನೊಂದು ಕೇಳಿಕೊಳ್ಳಿ: ವರ್ಷದಲ್ಲಿ ಎಷ್ಟು ದಿನ ಆ ಮನೆಯಲ್ಲಿ ದೀಪ ಹತ್ತತ್ತೆ? ಹತ್ತು ದಿನ ಅಂತಾದರೆ ರೂಮು ಬಾಡಿಗೆಗೆ ಹಿಡಿದು, ಊರಿನ ಹೋಟೆಲಲ್ಲಿ ಊಟ ಮಾಡಿ ಬನ್ನಿ. ಆ ಊರಿಗೂ ಅದೇ ಲಾಭ.