ನೋವನ್ನು ಯಾವ ಭಾಷೆಯಲ್ಲಿ ಕೇಳಬೇಕು?

ಆಫ್ರಿಕಾದವರಿಗೆ ಖಿನ್ನತೆ ಬರುವುದು ತೀರಾ ಅಪರೂಪ ಎಂದು ವೈದ್ಯಲೋಕ ನಂಬಿದ್ದ ಕಾಲವೊಂದಿತ್ತು. ನೈರೋಬಿಯ ಮಥಾರಿ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತಿದ್ದ ಬ್ರಿಟಿಷ್ ವೈದ್ಯ ಜೆ.ಸಿ. ಕ್ಯಾರದರ್ಸ್, ಅಲ್ಲಿ ದಾಖಲಾದವರ ಲೆಕ್ಕ ಹಿಡಿದು ಈ ಮಾತನ್ನು ಹೇಳಿದ್ದರು. ಆಫ್ರಿಕನ್ನರ ಮನಸ್ಸಿನ ಬಗ್ಗೆ ಅವರು ಬರೆದ ಪುಸ್ತಕವನ್ನು 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಕಟಿಸಿತು. ಆದರೆ ಊರಿಗೆ ಉಪದ್ರವ ಕೊಟ್ಟವರನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆಯೇ ಹೊರತು, ಅಡುಗೆಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಅಳುವ ಹೆಂಗಸನ್ನು ಯಾರು ಸೇರಿಸುತ್ತಾರೆ? ಆ ಹೆಂಗಸು ಎಲ್ಲಿರುತ್ತಾಳೆಂದು ಘಾನಾದಲ್ಲಿ ಮಾರ್ಗರೆಟ್ ಫೀಲ್ಡ್ ಹುಡುಕಿದರು. ಅಶಾಂತಿ ಪ್ರದೇಶದ ಹಳ್ಳಿಗಳ ದೈವಸ್ಥಾನಗಳಲ್ಲಿ ‘ನಾನೇ ಮಾಟಗಾತಿ, ನನ್ನಿಂದಲೇ ಕೇಡಾಯಿತು’ ಎಂದು ತಮ್ಮನ್ನು ತಾವೇ ದೂರಿಕೊಳ್ಳುತ್ತಿದ್ದ ಮಹಿಳೆಯರಲ್ಲಿ ಅವರು ಕಂಡದ್ದು ತೀವ್ರ ಖಿನ್ನತೆಯನ್ನು. ಅವರ ಪುಸ್ತಕ 1960ರಲ್ಲಿ ಬಂತು. ಅಂದರೆ ರೋಗ ಇತ್ತು, ಕೇಳುವವರು ತಪ್ಪು ಜಾಗದಲ್ಲಿದ್ದರು.

ಉತ್ತರ ಆಫ್ರಿಕಾದ ಕಥೆ ಇದಕ್ಕಿಂತ ಭಿನ್ನವಲ್ಲ. ಅಲ್ಜೀರಿಯಾದಲ್ಲಿ ಆಂಟೊಯಿನ್ ಪೊರೊ ಎಂಬ ಫ್ರೆಂಚ್ ವೈದ್ಯ ಮತ್ತು ಅವರ ಶಿಷ್ಯರು, ಮುಸ್ಲಿಮರ ಮನಸ್ಸೇ ಕೀಳುಮಟ್ಟದ್ದೆಂದು ದಶಕಗಳ ಕಾಲ ಪಾಠ ಹೇಳಿದರು. ದುಃಖಗಳಲ್ಲಿ ಕಾರಣ ಗೊತ್ತಿರುವುದು ಒಂದು, ಗೊತ್ತಿಲ್ಲದ್ದು ಇನ್ನೊಂದು ಎಂದು ವಿಂಗಡಿಸಿ ಎರಡಕ್ಕೂ ಚಿಕಿತ್ಸೆ ಬರೆದ ಅಬೂ ಝೈದ್ ಅಲ್ ಬಲ್ಖಿ ತೀರಿಕೊಂಡದ್ದು 934ರಲ್ಲಿ. ಸಾವಿರ ವರ್ಷ ಕಳೆದ ಮೇಲೆ ಅದೇ ಅರಬಿ ಭಾಷೆಯನ್ನಾಡುವವರಿಗೆ ಒಳಮನಸ್ಸೇ ಇಲ್ಲವೆಂಬ ತೀರ್ಪು!

1953ರ ಕೊನೆಗೆ ಬ್ಲೀದಾ ಆಸ್ಪತ್ರೆಗೆ ಬಂದ ಫ್ರಾಂಝ್ ಫ್ಯಾನನ್ ಇದನ್ನು ಒಪ್ಪಲಿಲ್ಲ. ಹಾಗಿದ್ದೂ ಅವರಿಗೆ ಅರಬಿಯಾಗಲಿ ಕಬೈಲ್ ಆಗಲಿ ಬರುತ್ತಿರಲಿಲ್ಲ, ದುಭಾಷಿಗಳೇ ಗತಿ. ಯುರೋಪಿಯನ್ ಮಹಿಳೆಯರ ವಾರ್ಡಿನಲ್ಲಿ ಪತ್ರಿಕೆ, ಸಿನಿಮಾ, ಹಬ್ಬಗಳ ಮೂಲಕ ಯಶಸ್ವಿಯಾದ ಅವರ ಪ್ರಯೋಗ, ಮುಸ್ಲಿಂ ಪುರುಷರ ವಾರ್ಡಿನಲ್ಲಿ ಸೋತಿತು. ಆ ಸೋಲನ್ನು ಅವರು 1954ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಬಳಿಕ ಅಲ್ಲೊಂದು ಕಾಫಿ ಅಂಗಡಿ ತೆರೆಯಿತು, ಕಥೆ ಹೇಳುವವರು ಬಂದರು, ಮುಸ್ಲಿಮರ ಹಬ್ಬಗಳು ನಡೆದವು. 1956ರಲ್ಲಿ ಅವರು ಸಹೋದ್ಯೋಗಿ ಶಾರ್ಲ್ ಜೆರೊನಿಮಿ ಜೊತೆ ಮತ್ತೊಂದು ವಿಷಯ ಮಂಡಿಸಿದರು. ಚಿತ್ರ ತೋರಿಸಿ ಕಥೆ ಕಟ್ಟಿಸುವ ಅಮೆರಿಕದ ಮನಃಪರೀಕ್ಷೆಯೊಂದನ್ನು ಅಲ್ಜೀರಿಯಾದ ಮುಸ್ಲಿಂ ಮಹಿಳೆಯರಿಗೆ ಕೊಟ್ಟಾಗ ಅವರಿಂದ ಕಥೆಯೇ ಹೊರಡಲಿಲ್ಲ. ಚಿತ್ರದಲ್ಲಿದ್ದ ಮನೆ, ಮನುಷ್ಯರು, ಭಂಗಿಗಳು ಯಾವುವೂ ಅವರ ಲೋಕದವಲ್ಲ. ಏನೂ ಇಲ್ಲದ ಖಾಲಿ ಕಾರ್ಡು ಕೊಟ್ಟಾಗ ಮಾತ್ರ ಅದೇ ಮಹಿಳೆಯರು ಸಮೃದ್ಧ ಕಥೆಗಳನ್ನು ಹೇಳಿದರು. ಇಡೀ ಚರಿತ್ರೆಯಲ್ಲಿ ನಮ್ಮನ್ನು ಅತಿಯಾಗಿ ಕಾಡುವುದು ಈ ಖಾಲಿ ಕಾರ್ಡು.

ನೈಜೀರಿಯಾದಲ್ಲಿ ಥಾಮಸ್ ಅಡೆಯೊಯೆ ಲ್ಯಾಂಬೊ ಅವರು ಅಮೆರಿಕದ ಅಲೆಕ್ಸಾಂಡರ್ ಲೈಟನ್ ಜೊತೆ ಸೇರಿ ಯೊರುಬಾ ಜನರ ನಡುವೆ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಖಿನ್ನತೆ ಎಂಬ ಒಂದೇ ಪರಿಕಲ್ಪನೆ ಯೊರುಬಾದವರಿಗೆ ಪರಿಚಿತವಾಗಿರಲಿಲ್ಲ. ಅದರ ಲಕ್ಷಣಗಳನ್ನು ಬಿಡಿಬಿಡಿಯಾಗಿ ಹೇಳಿದರೆ ತಕ್ಷಣ ಗುರುತಿಸುತ್ತಿದ್ದರು.

ಈಗ ಪ್ರಶ್ನಾವಳಿಯ ಮಾತಿಗೆ ಬರೋಣ. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಿ.ಎಚ್.ಕ್ಯು.-9 ಅಮೆರಿಕದಲ್ಲಿ ಹುಟ್ಟಿದ್ದು. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ 3 ಅಂಕ, ಒಟ್ಟು 27. ಅದರ ಕುರಿತ ಪ್ರಮುಖ ಲೇಖನ ಬಂದದ್ದು 2001ರಲ್ಲಿ. ಹಣ ಕೊಟ್ಟದ್ದು ಖಿನ್ನತೆಯ ಮಾತ್ರೆಯನ್ನೂ ತಯಾರಿಸುತ್ತಿದ್ದ ಫೈಝರ್ ಕಂಪೆನಿ. ಅನುಮಾನಪಡುವವರು ಪಡಲಿ, ಆದರೆ ಯಾರೂ ಅಪ್ಪಣೆ ಕೇಳದೆ ಅನುವಾದಿಸಿ ಹಂಚಬಹುದಾದ್ದರಿಂದಲೇ ಅದು ಬಡ ದೇಶಗಳ ಚಿಕಿತ್ಸಾಲಯಗಳನ್ನು ಮುಟ್ಟಿತೆಂಬುದೂ ನಿಜ.

ಅದಕ್ಕೂ ಮೊದಲೇ ಝಿಂಬಾಬ್ವೆಯ ಹರಾರೆಯಲ್ಲಿ ಬೇರೆಯದೇ ಕೆಲಸ ನಡೆದಿತ್ತು. ಮುಂಬಯಿಯಲ್ಲಿ ಹುಟ್ಟಿ ಮುಂದೆ ಗೋವಾದಲ್ಲಿ ‘ಸಂಗಾತ್’ ಕಟ್ಟಿದ ವಿಕ್ರಮ್ ಪಟೇಲ್, 1990ರ ದಶಕದಲ್ಲಿ ಅಲ್ಲಿನ ಸಹೋದ್ಯೋಗಿಗಳೊಂದಿಗೆ ಸೇರಿ, ಇಂಗ್ಲಿಷ್ ಪ್ರಶ್ನೆಗಳನ್ನು ಶೋನಾ ಭಾಷೆಗೆ ತಿರುಗಿಸುವ ಸುಲಭದ ದಾರಿಯನ್ನು ಬಿಟ್ಟರು. ಆಸ್ಪತ್ರೆಗೆ ಬಂದವರು, ನಾಟಿ ವೈದ್ಯರ ಬಳಿಗೆ ಹೋದವರು ತಮ್ಮ ಸಂಕಟವನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಅದನ್ನೇ ಕಲೆಹಾಕಿದರು. ಹಾಗೆ ಸಿಕ್ಕಿದ ಮುಖ್ಯ ಪದ ‘ಕುಫುಂಗಿಸಿಸಾ’, ಅಂದರೆ ಅತಿಯಾಗಿ ಯೋಚಿಸುವುದು. ನಮ್ಮಲ್ಲಿ ‘ತಲೆಬಿಸಿ’ ಎಂಬ ಒಂದೇ ಮಾತು ಎಷ್ಟೊಂದು ನೋವನ್ನು ಹೊತ್ತು ತಿರುಗುತ್ತದೆ ಎಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. 1997ರಲ್ಲಿ ಪ್ರಕಟವಾದ ಶೋನಾ ಪ್ರಶ್ನಾವಳಿಯಲ್ಲಿ 14 ಪ್ರಶ್ನೆಗಳಿವೆ, ಉತ್ತರ ಹೌದು ಅಥವಾ ಇಲ್ಲ. ಮೊದಲನೆಯದೇ ಕುಫುಂಗಿಸಿಸಾ. ಕೆಟ್ಟ ಕನಸು, ಹೊಟ್ಟೆನೋವು, ಸಣ್ಣ ಮಾತಿಗೂ ಸಿಟ್ಟು, ಅಳು ಬಂದದ್ದು, ಕೆಲಸ ಹಿಂದೆ ಬಿದ್ದದ್ದು, ಸಾಯಬೇಕೆನಿಸಿದ್ದು, ಎಲ್ಲವೂ ಉಂಟು.

ಬೇರೆಡೆಯೂ ಇಂಥದೇ ಪದಗಳು ಸಿಕ್ಕಿದವು. ನರಮೇಧ ಕಂಡ ರುವಾಂಡದಲ್ಲಿ 1999ರಲ್ಲಿ ಜನರನ್ನೇ ಕೇಳಿದಾಗ ‘ಅಗಹಿಂಡ ಗಕಬಿಜೆ’, ಅಂದರೆ ಮಿತಿಮೀರಿದ ದುಃಖ, ಎಂಬ ಹೆಸರು ಬಂತು. ಉಗಾಂಡದ ಹಳ್ಳಿಗರು ಲುಗಾಂಡ ಭಾಷೆಯಲ್ಲಿ ತನ್ನನ್ನು ತಾನು ದ್ವೇಷಿಸುವುದಕ್ಕೆ ಒಂದು ಪದ, ತನ್ನ ಬಗ್ಗೆ ತಾನೇ ಮರುಗುವುದಕ್ಕೆ ಇನ್ನೊಂದು ಪದ ಕೊಟ್ಟರು. ಭಾಷೆ ಬಡವಾಗಿತ್ತೆಂದು ಇನ್ನು ಯಾರೂ ಹೇಳುವಂತಿಲ್ಲ.

ಹರಾರೆಯ ಆ 14 ಪ್ರಶ್ನೆಗಳು ಕಪಾಟಿನಲ್ಲಿ ಧೂಳು ತಿನ್ನಲಿಲ್ಲ. 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ಎಂಬಾರೆ ಬಡಾವಣೆಯಲ್ಲಿ 14 ಮಂದಿ ಅಜ್ಜಿಯರೊಂದಿಗೆ ‘ಗೆಳೆತನದ ಬೆಂಚು’ ಆರಂಭಿಸಿದರು. ಚಿಕಿತ್ಸಾಲಯದ ಅಂಗಳದಲ್ಲಿ ಒಂದು ಮರದ ಬೆಂಚು, ಅಜ್ಜಿ ಪ್ರಶ್ನೆ ಕೇಳುತ್ತಾಳೆ, ಬಳಿಕ ಮಾತು. ‘ಡಿಪ್ರೆಶನ್’ ಎಂಬ ಪದ ಅಲ್ಲಿ ನಡೆಯುವುದಿಲ್ಲ. ‘ಕುವ್ಹುರ ಪ್ಫುಂಗ್ವ’, ಮನಸ್ಸು ತೆರೆಯುವುದು, ಎಂಬುದೇ ಚಿಕಿತ್ಸೆಯ ಮೊದಲ ಹೆಜ್ಜೆಯ ಹೆಸರು. 573 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಆರು ತಿಂಗಳ ಬಳಿಕ ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣ ಉಳಿದದ್ದು ಶೇ. 13.7 ಮಂದಿಗೆ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 49.9 ಮಂದಿಗೆ. ಇದನ್ನು ಅಳೆದದ್ದು ಪಿ.ಎಚ್.ಕ್ಯು.-9ರಿಂದಲೇ! ಊರಿನ ಪ್ರಶ್ನಾವಳಿಗೂ ಹೊರಗಿನದಕ್ಕೂ ಜಗಳವೇನೂ ಇರಬೇಕಿಲ್ಲ.

ಪಿ.ಎಚ್.ಕ್ಯು.-9 ಈಗ ಸ್ವಾಹಿಲಿ, ಅಮ್ಹಾರಿಕ್, ಚಿಚೇವಾ, ಶೋನಾ ಮುಂತಾದ ಭಾಷೆಗಳಲ್ಲಿ ಸ್ಥಳೀಯವಾಗಿ ಒರೆಗೆ ಹಚ್ಚಿ ಸಿದ್ಧವಾಗಿದೆ. ಆಫ್ರಿಕಾದ ಭಾಷೆಗಳಾದರೋ ಎರಡು ಸಾವಿರದ ಆಸುಪಾಸು. ಉಳಿದವುಗಳಲ್ಲಿ ನರ್ಸ್ ಅಥವಾ ದುಭಾಷಿ ನಿಂತಲ್ಲೇ ಅನುವಾದಿಸಿ ಕೇಳಬೇಕಾಗುತ್ತದೆ, ಸಾಯಬೇಕೆನಿಸಿದ್ದರ ಕುರಿತ ಆ ಒಂಬತ್ತನೆಯ ಪ್ರಶ್ನೆಯನ್ನೂ ಸೇರಿಸಿ.